ನಿಂತಲ್ಲೇ ಪ್ರಪಂಚ ಸುತ್ತಿದ ಹಡಗು

“ತೊಳೆದುಬಿಟ್ರಾ?”

ಇನ್‌ಸ್ಪೆಕ್ಟರ್ ದಿದಿಮೊ ಸಮೂದಿಯೊ ಕೂಗಿದ ರಭಸಕ್ಕೆ ಅಂಗಳದ ಕೋಳಿಗಳೆಲ್ಲ ದಿಕ್ಕಾಪಾಲಾಗಿ ಓಡಿದವು. ಮುದುಕಿ ದೊನ್ಯಾ ಕ್ರೆಸೆನ್ಸಿಯಾ ಮಾತ್ರ ಜಗ್ಗಲಿಲ್ಲ. ಸೊಂಟಕ್ಕೆ ಕೈಕೊಟ್ಟು ನಿಂತು, ಹಗ್ಗದ ಮೇಲೆ ಹರಡಿದ್ದ ಬಿಳಿಯ ಪೊಯೆರಾ ಲಂಗವನ್ನು ಹೆಮ್ಮೆಯಿಂದ ತೋರಿಸಿದರು.

“ತೊಳೀದೆ ಏನಯ್ಯಾ ಮಾಡ್ಲಿ? ಮೈತುಂಬ ಮಸಿ ಬಿದ್ದಿರೋ ಪೊಯೆರಾ ತೊಟ್ಕೊಂಡು ನನ್ನ ಮೊಮ್ಮಗಳು ಕುಣಿಯೋಕೆ ಹೋಗ್ಬೇಕಿತ್ತಾ? ಮೂರು ಸಲ ತೊಳ್ದಿದೀನಿ. ಸೋಪು, ಉಪ್ಪು, ನಿಂಬೆಹುಳಿ, ಆಮೇಲೆ ಒಳ್ಳೆ ಬಿಸಿಲು. ಹುಡುಕಿ ನೋಡು. ಒಂದೇ ಒಂದು ಚುಕ್ಕೆ ಸಿಕ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ!”

ದಿದಿಮೊ ಹುಡುಕಿದ. ನೆರಿಗೆ ನೆರಿಗೆ ಬಿಡಿಸಿ, ಕಸೂತಿಯ ಹೂವೊಂದನ್ನೂ ಬಿಡದೆ ಹುಡುಕಿದ. ಒಂದು ಚುಕ್ಕೆಯೂ ಇರಲಿಲ್ಲ. ಪೊಯೆರಾದ ವಿಷಯದಲ್ಲಿ ಪನಾಮಾದ ಅಜ್ಜಿಯರು ಎಷ್ಟು ಖಡಕ್ಕೆಂದು ಗೊತ್ತಿದ್ದೂ, ಮೂರು ದಿನ ತಡವಾಗಿ ಬಂದ ತನ್ನ ಬುದ್ಧಿಗೆ ಅವನು ಮನಸ್ಸಿನಲ್ಲೇ ಶಾಪ ಹಾಕಿಕೊಂಡ. ಆ ಮಸಿ ಯಾವ ಹಡಗಿನದು, ಯಾವ ಎಣ್ಣೆ ಉರಿದು ಹುಟ್ಟಿದ್ದು ಎಂದು ಪ್ರಯೋಗಾಲಯದವರು ಅರ್ಧ ದಿನದಲ್ಲಿ ಹೇಳಿಬಿಡುತ್ತಿದ್ದರು. ಈಗ ಅದೆಲ್ಲ ಮುದುಕಿಯ ಬಚ್ಚಲ ನೀರಿನ ಜೊತೆ ಸಮುದ್ರ ಸೇರಿತ್ತು.

ಅವನ ತಂಗಿ ನಿತ್ಸಿಯಾ ಭಾನುವಾರ ಇದೇ ತಬೋಗಾ ದ್ವೀಪದಿಂದ ಮಾಯವಾಗಿದ್ದಳು. ಬೆಳಿಗ್ಗೆಯ ದೋಣಿಗೆ ಬಂದವಳು, ಇದೇ ಅಂಗಳದ ಕಟ್ಟೆಯ ಮೇಲೆ ಕೂತು ದುರ್ಬೀನಿನಲ್ಲಿ ಹಡಗುಗಳನ್ನು ನೋಡಿದವಳು, ಕೆಳಗಿನ ಧಕ್ಕೆಗೆ ಇಳಿದು ಹೋದವಳು ಆಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದ್ವೀಪದ ಯಾವ ದೋಣಿಯವನೂ ಅವಳನ್ನು ಹತ್ತಿಸಿಕೊಂಡಿರಲಿಲ್ಲ. ಬೇರೆ ದೋಣಿಯೂ ಬಂದಿಲ್ಲ ಎಂದು ಊರಿಗೂರೇ ಆಣೆ ಹಾಕಿ ಹೇಳುತ್ತಿತ್ತು. ಈಜಲು ಹೋಗಿ ಮುಳುಗಿರಬೇಕು ಎಂದು ಮೇಲಧಿಕಾರಿಗಳು ಆಗಲೇ ಕೈತೊಳೆದುಕೊಳ್ಳುವ ಹುನ್ನಾರದಲ್ಲಿದ್ದರು. ಹಡಗೊಂದು ಈ ಅಂಗಳಕ್ಕೆ ಮಸಿ ಉಗುಳಿತಂತೆ ಎಂಬ ಊರಿನ ಮಾತೊಂದೇ ದಿದಿಮೊಗೆ ಸಿಕ್ಕಿದ್ದ ಸುಳಿವು.

“ದೊನ್ಯಾ, ಮಸಿ ಯಾವಾಗ ಬಿತ್ತು? ಯಾವ ಹಡಗಿಂದು? ಅದಾದ್ರೂ ಗೊತ್ತಾ?”

“ಗೊತ್ತಿಲ್ದೆ ಏನು? ಹಡಗು ನೋಡ್ಕೊಂಡೇ ನಾವಿಲ್ಲಿ ಬಟ್ಟೆ ಒಣಗ ಹಾಕೋದು. ಹೊಗೆ ಉಗುಳೋದು ಎದುರಿಗೆ ನಿಂತಿದ್ರೆ ಹಿತ್ತಲಲ್ಲಿ, ಸುಮ್ನಿರೋದು ನಿಂತಿದ್ರೆ ಮುಂದಿನ ಅಂಗಳದಲ್ಲಿ.” ಮುದುಕಿ ಸಮುದ್ರದ ಕಡೆ ಗದ್ದ ಎತ್ತಿದರು. “ಆ ಅಲ್ಮಿರಾ ಇತ್ತಲ್ಲ, ಕೆಂಪು ಹೊಟ್ಟೇದು? ಹೋದ ಮಳೆಗಾಲಕ್ಕೂ ಮುಂಚಿಂದ ಅಲ್ಲೇ ಬಿದ್ಕೊಂಡಿತ್ತು. ದೀಪ ಉರಿಸೋಕೆ ಒಂದು ಸಣ್ಣ ಯಂತ್ರ ಗುರುಗುಟ್ಟೋದು ಬಿಟ್ರೆ ಉಸಿರಿಲ್ಲ. ಸಾಧು ಹಡಗು ಅಂತ ನಂಬಿದ್ದೆ ನಾನು. ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಅನ್ನ ಬಡಿಸ್ತಿದೀನಿ, ದೊಡ್ಡ ಯಂತ್ರ ಗಡಗಡ ಅಂತ ಶುರುವಾಯ್ತು ನೋಡು! ಕರೀ ಮೋಡ ಕಾರಿಬಿಡ್ತು. ಉತ್ತರದ ಗಾಳಿ ಸೀದಾ ತಂದು ನನ್ನ ಪೊಯೆರಾ ಮೇಲೆ ಸುರಿದುಬಿಡ್ತು. ಹಾಳಾದ್ದು!”

ದಿದಿಮೊ ಪೊಯೆರಾದ ನೆರಿಗೆಯನ್ನು ಕೈಬಿಟ್ಟ.

ಒಂದು ವರ್ಷದಿಂದ ಕದಲದ ಹಡಗು. ನಿತ್ಸಿಯಾ ಮಾಯವಾದ ಗಳಿಗೆಯಲ್ಲೇ ಎಂಜಿನ್ ಚಾಲೂ ಮಾಡಿದ ಹಡಗು!

ಅವನು ಜೇಬಿನಿಂದ ಫೋನ್ ತೆಗೆದು ತಂಗಿಯ ಕೊನೆಯ ಸಂದೇಶವನ್ನು ನೂರನೆಯ ಸಲ ಓದಿದ. ‘ಅಣ್ಣ, ಒಂದು ಒಗಟು. ಒಂದು ಹಡಗು ನಿಂತಲ್ಲೇ ನಿಂತು ಪ್ರಪಂಚ ಸುತ್ತಿದೆ. ಹೇಗೆ ಹೇಳು?’ ಮೂರು ದಿನ ಆ ಒಗಟಿನ ಜೊತೆ ಗುದ್ದಾಡಿ ಅವನ ತಲೆ ಚಿಟ್ಟು ಹಿಡಿದಿತ್ತು. ಈಗ ಮುದುಕಿಯ ಬೈಗುಳದ ನಡುವೆ ಅದು ತಾನಾಗಿ ಬಿಚ್ಚಿಕೊಂಡಿತು.

ನಿತ್ಸಿಯಾಳ ಕೆಲಸವೇ ಹೊಗೆಯ ಲೆಕ್ಕ. ದೇಶದ ಬಂದರುಗಳಲ್ಲಿ ಎಣ್ಣೆ ತುಂಬಿಸಿಕೊಂಡ ಹಡಗುಗಳು ವರ್ಷ ವರ್ಷ ಎಷ್ಟು ಇಂಗಾಲದ ಡೈಆಕ್ಸೈಡನ್ನು ಆಕಾಶಕ್ಕೆ ಬಿಟ್ಟವು ಎಂದು ಹೇಳಬೇಕಾದವಳು ಅವಳು. ಪ್ರತಿ ಹಡಗಿನ ಚಿಮಣಿಯ ಹಿಂದೆ ಓಡುವುದು ಯಾರಿಂದ ಸಾಧ್ಯ? ಆದ್ದರಿಂದ ಮಾರಾಟವಾದ ಎಣ್ಣೆಯ ಜಾಡು ಹಿಡಿದು ಲೆಕ್ಕ ಕಟ್ಟುತ್ತಾರೆ. ಒಂದು ಟನ್ ಎಣ್ಣೆ ಉರಿದರೆ ಮೂರು ಟನ್ನಿಗೂ ಮಿಕ್ಕಿದ ಅನಿಲ. ಒಂದು ಮೂರಾಗುವುದು ಹೇಗೆ ಎಂದು ಮನೆಮಂದಿ ಗೇಲಿ ಮಾಡಿದರೆ, ಉಳಿದದ್ದನ್ನು ಗಾಳಿಯಿಂದ ಕಿತ್ತುಕೊಳ್ಳುತ್ತದೆ, ನೀವು ಅಣ್ಣನ ಗೆಳೆಯ ಫೆರ್ಮಿನ್‌ನ ತಟ್ಟೆಯಿಂದ ಮೀನು ಕಿತ್ತುಕೊಳ್ಳುವ ಹಾಗೆ, ಎಂದು ನಗುತ್ತಿದ್ದಳು.

ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಮೂವತ್ತು ವರ್ಷಗಳ ಹೊಗೆಯ ಏರಿಳಿತದ ಗೆರೆಯೊಂದನ್ನು ಎಳೆದಿದ್ದಳು ಪುಣ್ಯಾತ್ಗಿತ್ತಿ. ಪನಾಮಾ ಕಾಲುವೆ ಅಗಲವಾಗಿ ಭಾರೀ ಹಡಗುಗಳು ಬಂದ ವರ್ಷ ಗೆರೆ ಗುಡ್ಡ ಹತ್ತಿತ್ತು. ಸಾಂಕ್ರಾಮಿಕ ಬಂದು ಲೋಕವೇ ಬಾಗಿಲು ಹಾಕಿಕೊಂಡ ವರ್ಷ ಇಳಿದಿತ್ತು. ಸರೋವರ ಬತ್ತಿ, ಕಾಲುವೆಗೆ ನೀರು ಸಾಲದೆ, ಅರ್ಧ ಹಡಗುಗಳನ್ನು ವಾಪಸು ಕಳಿಸಿದ ವರ್ಷ ಪಾತಾಳಕ್ಕೆ ಬೀಳಬೇಕಿತ್ತು. ಬೀಳಲಿಲ್ಲ. ಏರಿತು!

“ಹಡಗು ಕಮ್ಮಿ, ಹೊಗೆ ಜಾಸ್ತಿ. ಏನೋ ಮೋಸ ಇದೆ ಅಣ್ಣ,” ಎಂದಿದ್ದಳು. ಅವನು ಹೋಗೇ ಹುಚ್ಚಿ ಎಂದು ಹುರಿದ ಬಾಳೆಕಾಯಿಗೆ ಕೈಹಾಕಿದ್ದ.

ಮೋಸ ಕಣ್ಣೆದುರಿಗೇ ನಿಂತಿತ್ತು. ಅಲ್ಮಿರಾ ಮೈಲಿಗಟ್ಟಲೆ ಓಡಿದೆ ಎಂದು ತೋರಿಸಿ ಅದರ ಹೆಸರಿನಲ್ಲಿ ಯಾರೋ ಎಣ್ಣೆ ಎತ್ತುತ್ತಿದ್ದರು. ಪ್ರಪಂಚ ಸುತ್ತುವಷ್ಟು ಎಣ್ಣೆ. ಹಡಗು ಮಾತ್ರ ತಬೋಗಾದ ಎದುರು ಲಂಗರು ಹಾಕಿಕೊಂಡು ಗೊರಕೆ ಹೊಡೆಯುತ್ತಿತ್ತು. ಆ ಎಣ್ಣೆ ಕಳ್ಳದಾರಿಯಲ್ಲಿ ಬೇರೆಲ್ಲಿಗೋ ಹೋಗುತ್ತಿತ್ತು. ಕಳ್ಳರು ಯಾರ ಕಣ್ಣಿಗೆ ಮಣ್ಣೆರಚಿದರೂ ಹೊಗೆಯ ಲೆಕ್ಕದವಳ ಕಣ್ಣಿಗೆ ಎರಚಲಾಗಲಿಲ್ಲ. ಇಲ್ಲದ ಹೊಗೆಯನ್ನು ಅವಳು ಹಿಡಿದುಬಿಟ್ಟಿದ್ದಳು.

ಹಿಡಿದದ್ದನ್ನು ಕಣ್ಣಾರೆ ನೋಡಲು ಆ ಹಡಗನ್ನೇ ಹತ್ತಿದ್ದಾಳೆ!

“ದೊನ್ಯಾ, ಅಲ್ಮಿರಾ ಈಗೆಲ್ಲಿ?”

“ಕಾಲುವೆ ಸರದಿ ಕಾದು ಕಾದು ಈಗ ತಾನೇ ಎದ್ದು ಹೊರಟೋಯ್ತಲ್ಲ, ಸೇತುವೆ ಕಡೆಗೆ. ಪೀಡೆ ತೊಲಗ್ತು ಅಂತ ಶಿಲುಬೆ ಗುರುತು ಹಾಕ್ಕೊಂಡೆ. ಯಾಕಯ್ಯಾ, ಮುಖ ಯಾಕೆ ಹಾಗಾಯ್ತು? ಒಂದು ಲೋಟ ನಿಂಬೆ ಪಾನಕ...”

ದಿದಿಮೊ ಆಗಲೇ ಇಳಿಜಾರಿನಲ್ಲಿ ಓಡುತ್ತಿದ್ದ. ಓಡುತ್ತಲೇ ತನ್ನ ಬಲಗೈಯಂತಿದ್ದ ಸಾರ್ಜೆಂಟ್ ಎನೇಯ್ದಾ ಲೋ ಎಂಬಾಕೆಗೆ ಫೋನ್ ಮಾಡಿದ.

“ಎನೇಯ್ದಾ, ಎಲ್ಲಿದೀಯ?”

“ಬಾಲ್ಬೋವಾ ಠಾಣೇಲಿ ಸರ್. ಕಾಫಿ ಕುಡೀತಾ...”

“ಬಿಸಾಕು ಕಾಫಿ! ಅಲ್ಮಿರಾ ಅಂತ ಒಂದು ಹಡಗು ಮಿರಾಫ್ಲೋರೆಸ್‌ಗೆ, ಕಾಲುವೆ ಕಟ್ಟೆಗೆ ಬರ್ತಿದೆ. ಕಾಲುವೆಯವರಿಗೆ ಹೇಳಿ ಕಟ್ಟೆಯ ಒಳಗೆ ಬಂದ ಕೂಡ್ಲೆ ಹತ್ತು. ಇರೋ ಬರೋ ಪೊಲೀಸರನ್ನೆಲ್ಲ ಕರ್ಕೊಂಡು ಹೋಗು. ನಿನ್ನ ಬಾಯಿಂದ ಮಾತು ಹೊರಡದೆ ಆ ಹಡಗಲ್ಲಿ ಒಬ್ಬನೂ ಬೆರಳು ಅಲ್ಲಾಡಿಸಕೂಡದು. ತಿಳೀತಾ?”

“ತಿಳೀತು ಸರ್. ನಿತ್ಸಿಯಾ ಸಿಕ್ಳಾ?”

“ಸಿಗ್ತಾಳೆ. ನಾನೂ ಬರ್ತಿದೀನಿ. ನೀನು ಹೊರಡು!”

ಅವಳು ಫೋನ್ ಇಟ್ಟಳು. ಮೂರು ದಿನಗಳಲ್ಲಿ ಮೊದಲ ಬಾರಿಗೆ ದಿದಿಮೊನ ಮೈಯಲ್ಲಿ ರಕ್ತ ಬಿಸಿಯಾಗಿ ಹರಿಯಿತು. ತಂಗಿ ಬದುಕಿದ್ದಾಳೆ ಎಂದು ಮನಸ್ಸು ಕುಣಿಯುತ್ತಿತ್ತು. ಹೆಣವನ್ನು ಯಾರೂ ಮೂರು ದಿನ ಹಡಗಿನಲ್ಲಿಟ್ಟುಕೊಂಡು ಕಾಲುವೆ ದಾಟಿಸುವುದಿಲ್ಲ. ಆದರೆ ಕಾಲುವೆಯ ಆ ತುದಿ ದಾಟಿದರೆ ಮುಂದೆ ಅಟ್ಲಾಂಟಿಕ್. ಅಲ್ಲಿ ಕೇಳುವವರಿಲ್ಲ, ನೋಡುವವರಿಲ್ಲ. ಅದಕ್ಕೆ ಮುಂಚೆ ಅವಳನ್ನು ಇಳಿಸಿಕೊಳ್ಳಬೇಕಿತ್ತು.

ಧಕ್ಕೆಯಲ್ಲಿ ಫೆರ್ಮಿನ್ ಬೆತಾಂಕುರ್ ಲಾಂಚಿನ ಅಂಚಿನ ಮೇಲೆ ಕಾಲು ಇಳಿಬಿಟ್ಟುಕೊಂಡು, ಹಾಲು ಸುರಿದ ಐಸಿನ ರಸ್ಪಾವ್ ಚಪ್ಪರಿಸುತ್ತಿದ್ದ. ಹಡಗುಗಳ ಏಜೆಂಟ್ ಅವನು. ಲಂಗರು ಹಾಕಿದ ಹಡಗುಗಳಿಗೆ ತರಕಾರಿಯಿಂದ ಹಿಡಿದು ರುಜು ಹಾಕಬೇಕಾದ ಕಾಗದದವರೆಗೆ ಏನು ಬೇಕೋ ಎಲ್ಲ ಮುಟ್ಟಿಸುವುದು ಅವನ ಕಸುಬು. ದಿದಿಮೊನ ಜೊತೆ ಒಂದೇ ಬೀದಿಯಲ್ಲಿ ಚೆಂಡಾಡಿ ಬೆಳೆದವನು. ದಿದಿಮೊನ ಮಗಳ ದೀಕ್ಷಾಸ್ನಾನದ ದಿನ ಅವಳನ್ನು ಎತ್ತಿ ಹಿಡಿದು ಜ್ಞಾನಪಿತನಾಗಿ ನಿಂತವನು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ‘ಕೊಂಪಾದ್ರೆ’. ನಿತ್ಸಿಯಾ ಕಾಣೆಯಾದ ಭಾನುವಾರ ಸಂಜೆಯಿಂದ ಅವನು ತನ್ನ ಕೆಲಸಕ್ಕೆಲ್ಲ ತಿಲಾಂಜಲಿ ಬಿಟ್ಟು, ಲಾಂಚು ತಂದು, ಊಟ ನಿದ್ದೆ ಬಿಟ್ಟು ದಿದಿಮೊನ ಜೊತೆ ಸಮುದ್ರ ಜಾಲಾಡುತ್ತಿದ್ದ.

“ಏನೋ ಕೊಂಪಾದ್ರೆ, ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಓಡಿ ಬರ್ತಿದೀಯಾ?”

“ಹೊರಡಿಸು! ಮಿರಾಫ್ಲೋರೆಸ್‌ಗೆ! ಎಷ್ಟು ಜೋರಾಗಿ ಓಡತ್ತೋ ಅಷ್ಟು ಜೋರಾಗಿ ಓಡಿಸು!”

“ಅಲ್ಲಿಗ್ಯಾಕೆ? ಪ್ರವಾಸಿಗರ ಜೊತೆ ಫೋಟೋ ಹೊಡೆಸ್ಕೊಳಕಾ?”

“ನಿತ್ಸಿಯಾ ಅಲ್ಮಿರಾದಲ್ಲಿದ್ದಾಳೆ ಕಣೋ!”

ಫೆರ್ಮಿನ್‌ನ ಕೈಯಿಂದ ರಸ್ಪಾವ್ ಜಾರಿ ನೀರಿಗೆ ಬಿತ್ತು. “ಅಯ್ಯೋ ದೇವರೇ,” ಎಂದ. ಬೇರೇನೂ ಹೇಳದೆ ಹಗ್ಗ ಬಿಚ್ಚಿದ. ಲಾಂಚು ಮೂಗೆತ್ತಿ ಚಿಮ್ಮಿತು.

ಒಳ್ಳೆಯ ಬಿಸಿಲು. ಬೇಸಿಗೆಯ ಉತ್ತರದ ಗಾಳಿ ಎದುರಿನಿಂದ ರಪರಪನೆ ಬಡಿಯುತ್ತಿತ್ತು. ಎಡಬಲಗಳಲ್ಲಿ ಸರದಿ ಕಾಯುತ್ತ ನಿಂತ ಹಡಗುಗಳ ಬೆಟ್ಟದಂಥ ಮೈಗಳು ಹಿಂದೆ ಸರಿದವು. ದಿದಿಮೊ ಮುದುಕಿ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಪೊಯೆರಾ ತೊಳೆದ ಕಥೆ ಬಂದಾಗ ಫೆರ್ಮಿನ್ ನಕ್ಕ.

“ಹಾಗಾದ್ರೆ ಸಾಕ್ಷಿ ಗೋವಿಂದ!”

“ಪೂರ್ತಿ ಗೋವಿಂದ. ಒಂದು ಕಣ ಮಸಿ ಸಿಕ್ಕಿದ್ರೂ ಸಾಕಿತ್ತು ನನಗೆ. ಭಾನುವಾರ ಆ ಹಡಗಿನ ಪಕ್ಕದಲ್ಲಿ ಯಾರಿದ್ರು ಅಂತ...”

ಮಾತು ಅಲ್ಲಿಗೇ ನಿಂತಿತು. ಮಾತಾಡುತ್ತ ಬೆವರು ಒರೆಸಿಕೊಳ್ಳಲು ಅವನು ಮುಖ ಮೇಲೆತ್ತಿದ್ದ.

ತಲೆಯ ಮೇಲೆ ಲಾಂಚಿನ ಬಿಳಿ ಕ್ಯಾನ್ವಾಸಿನ ಮೇಲ್ಕಟ್ಟು ಬಿಸಿಲಿಗೆ ಹೊಳೆಯುತ್ತಿತ್ತು. ಬಟ್ಟೆಯ ತುಂಬ ಕಪ್ಪು ಚುಕ್ಕೆಗಳು ಕಾಣುತ್ತಿದ್ದವು. ಮೇಲುಗಡೆ ಕೂತಿದ್ದ ಏನೋ ಬಿಸಿಲಿಗೆ ಅಡ್ಡವಾಗಿ ನೆರಳು ಬಿಟ್ಟಿತ್ತು.

ದಿದಿಮೊ ಎದ್ದು ನಿಂತ. ಕಂಬ ಹಿಡಿದು, ಕೈಯನ್ನು ಮೇಲ್ಕಟ್ಟಿನ ಮೇಲೆ ಹಾಯಿಸಿ ಒಂದು ಚುಕ್ಕೆಯನ್ನು ಬೆರಳಿನಿಂದ ಉಜ್ಜಿದ. ಬೆರಳ ತುದಿ ಕಪ್ಪಾಯಿತು. ಜಿಡ್ಡು ಜಿಡ್ಡು. ಮೂಸಿದರೆ ಸುಟ್ಟ ಎಣ್ಣೆಯ ಕಮಟು.

ಅವನು ಲಾಂಚು ಓಡಿಸುತ್ತಿದ್ದ ಗೆಳೆಯನ ಕಡೆ ತಿರುಗಿದ.

ಫೆರ್ಮಿನ್‌ಗೆ ಲಾಂಚು ಎಂದರೆ ಪ್ರಾಣ. ಶನಿವಾರ ಸಂಜೆ ಮಳೆಯೇ ಬರಲಿ ಸಿಡಿಲೇ ಬೀಳಲಿ, ಅದನ್ನು ತಿಕ್ಕಿ ತೊಳೆಯದೆ ಮನೆಗೆ ಹೋಗುವವನಲ್ಲ. ಹೆಂಡತಿಯ ಬೆನ್ನು ಇಷ್ಟು ಅಕ್ಕರೆಯಿಂದ ತಿಕ್ಕಿದ್ದೀಯಾ ಎಂದು ಅಮಾದೋರ್ ಧಕ್ಕೆಯ ದೋಣಿಯವರೆಲ್ಲ ಕಾಡಿಸುತ್ತಿದ್ದರು. ಅಂದರೆ ಈ ಮಸಿ ಬಿದ್ದದ್ದು ಶನಿವಾರದ ನಂತರ. ಭಾನುವಾರ ಸಂಜೆಯಿಂದ ಈ ಗಳಿಗೆಯವರೆಗೆ ದಿದಿಮೊ ಈ ಲಾಂಚಿನಿಂದ ಹೆಚ್ಚು ದೂರ ಹೋಗಿರಲಿಲ್ಲ. ಯಾವ ಹಡಗೂ ಅವರ ಮೇಲೆ ಮಸಿ ಉಗುಳಿರಲಿಲ್ಲ. ಉಳಿದದ್ದು ಭಾನುವಾರದ ಹಗಲು.

“ಕೊಂಪಾದ್ರೆ,” ಎಂದ ದಿದಿಮೊ. ತನ್ನ ದನಿ ಇಷ್ಟು ಮೆತ್ತಗೆ ಹೊರಟದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. “ಭಾನುವಾರ ನೀನೆಲ್ಲಿದ್ದೆ?”

“ಹೇಳಿದ್ನಲ್ಲ ಮಾರಾಯ. ಕೊಲೋನ್‌ನಲ್ಲಿ, ಅತ್ತೆ ಮನೇಲಿ. ತೆಂಗಿನಹಾಲಿನ ಮೀನು ತಿಂದು ಹೊಟ್ಟೆ ಕೆಟ್ಟು...”

“ಲಾಂಚು?”

“ಅಮಾದೋರ್‌ನಲ್ಲಿ ಕಟ್ಟಿ ಹೋಗಿದ್ದೆ.”

“ಗಾಳಿ ಉತ್ತರದಿಂದ ಬೀಸ್ತಿತ್ತು. ಅಲ್ಮಿರಾದ ಮಸಿ ದಕ್ಷಿಣಕ್ಕೆ, ತಬೋಗಾಗೆ ಹೋಯ್ತು. ಅಮಾದೋರ್ ಇರೋದು ಉತ್ತರಕ್ಕೆ. ಗಾಳಿಗೆ ಎದುರಾಗಿ ಈಜ್ಕೊಂಡು ಬಂದು ನಿನ್ನ ಮೇಲ್ಕಟ್ಟಿನ ಮೇಲೆ ಕೂತ್ಕೊಳ್ತಾ ಮಸಿ?”

ಫೆರ್ಮಿನ್ ಮೇಲೆ ನೋಡಿದ. ನೋಡಿದವನು ನೋಡುತ್ತಲೇ ಉಳಿದ. ಮೂರು ದಿನ ಅವನಿಗೆ ತಲೆಯೆತ್ತಿ ನೋಡಲು ಪುರುಸೊತ್ತೇ ಆಗಿರಲಿಲ್ಲ ಪಾಪ. ಗೆಳೆಯನ ಕಾವಲು ಕಾಯುವುದರಲ್ಲೇ ಆಗಿಹೋಗಿತ್ತು.

“ಎಷ್ಟೋ ಹಡಗು ಓಡಾಡ್ತವೆ ಕಣೋ, ಯಾವುದ್ದೋ ಮಸಿ...”

“ಕಾಲುವೆ ಬಾಯಲ್ಲಿ ಮಸಿ ಕಾರಿದ್ರೆ ದಂಡ ಹಾಕ್ತಾರೆ ಅಂತ ನನಗೆ ಹೇಳ್ಕೊಟ್ಟೋನೇ ನೀನು. ಯಾವ ಹಡಗೂ ಕಾರಲ್ಲ. ಅಲ್ಮಿರಾ ಕಾರ್ತು, ಯಾಕಂದ್ರೆ ವರ್ಷ ಮಲಗಿದ್ದ ಯಂತ್ರನ ಅವಸರದಲ್ಲಿ ಎಬ್ಬಿಸಿದ್ರು. ನೀನು ಅದರ ಮಗ್ಗುಲಲ್ಲೇ ಇದ್ದೆ.” ದಿದಿಮೊ ಒಂದು ಹೆಜ್ಜೆ ಮುಂದೆ ಬಂದ. “ಹೊರಗಿನ ದೋಣಿ ಬಂತಾ ಅಂತ ದ್ವೀಪನೆಲ್ಲ ಕೇಳಿದೆ. ಇಲ್ಲ ಅಂದ್ರು. ಸುಳ್ಳಲ್ಲ ಅವರು ಹೇಳಿದ್ದು. ಏಜೆಂಟರ ಲಾಂಚನ್ನ ಇಲ್ಲಿ ಯಾರು ದೋಣಿ ಅಂತಾರೆ? ದಿನಾ ಹತ್ತು ಸಲ ಬರತ್ತೆ, ಹೋಗತ್ತೆ. ನಾನೇ ಅನ್ಲಿಲ್ಲ. ಮೂರು ದಿನ ಅದರೊಳಗೇ ಕೂತ್ಕೊಂಡು ಅದನ್ನೇ ಹುಡುಕಿದ್ದೀನಿ!”

ಫೆರ್ಮಿನ್ ಎಂಜಿನ್ ನಿಲ್ಲಿಸಿದ.

ಲಾಂಚು ಅಮೆರಿಕಗಳ ಸೇತುವೆಯ ಕೆಳಗೆ ಬಂದು ತೇಲತೊಡಗಿತು. ಮೇಲೆ ಲಾರಿಗಳ ಗುಡುಗು. ದೂರದಲ್ಲಿ, ಕಾಲುವೆಯ ತಿರುವಿನಲ್ಲಿ, ಅಲ್ಮಿರಾದ ಕೆಂಪು ಬೆನ್ನು ನಿಧಾನವಾಗಿ ಮಿರಾಫ್ಲೋರೆಸ್ ಕಡೆ ಸಾಗುತ್ತಿತ್ತು.

“ಅವಳೇ ಫೋನ್ ಮಾಡಿದ್ದು,” ಎಂದ ಫೆರ್ಮಿನ್. ನೀರಿನ ಕಡೆ ನೋಡುತ್ತ ಮಾತಾಡಿದ. “‘ಫೆರ್ಮಿನ್ ಅಣ್ಣ, ನೀನು ಅಲ್ಮಿರಾದ ಏಜೆಂಟ್ ಅಲ್ವಾ, ಒಂದು ಸಲ ಹತ್ತಿಸ್ತೀಯಾ’ ಅಂದ್ಳು. ಬೇಡ ಪುಟ್ಟಿ ಅಂದೆ. ನೀನಿಲ್ದಿದ್ರೆ ಬೇರೆಯವರ ಜೊತೆ ಹೋಗ್ತೀನಿ ಅಂದ್ಳು. ಅವಳ ಹಟ ನಿನಗೆ ಗೊತ್ತಲ್ಲ. ನಾನೇ ಕರ್ಕೊಂಡು ಹೋದ್ರೆ ಒಂದು ಸುತ್ತು ತೋರಿಸಿ ವಾಪಸು ತರಬಹುದು ಅಂದ್ಕೊಂಡೆ. ಸೀದಾ ಕೆಳಗಿಳಿದು ಯಂತ್ರದ ಮುಂದೆ ನಿಂತ್ಬಿಟ್ಳು. ಯಂತ್ರ ಎಷ್ಟು ಹೊತ್ತು ಓಡಿದೆ ಅಂತ ತೋರಿಸೋ ಮೀಟರ್ ಇರತ್ತಲ್ಲ, ಅದನ್ನ ನೋಡಿದ್ಳು. ನೋಡಿ ನನ್ನ ಕಡೆ ತಿರುಗಿದ್ಳು. ನೋಡಿದ್ಳು, ಅಷ್ಟೇ.”

“ನೀನೂ ಸೇರಿದ್ದೀಯ ಅಂತ ಗೊತ್ತಾಯ್ತು ಅವಳಿಗೆ.”

“ನಾನು ರುಜು ಹಾಕ್ತಿದ್ದೆ ಕಣೋ, ಅಷ್ಟೇ ಕಣೋ! ಎಣ್ಣೆ ಇಳೀತು ಅಂತ ರುಜು. ಮೇಲಿನವರು ಹಾಕು ಅಂದ್ರು, ಹಾಕಿದೆ. ಹಾಕದಿದ್ರೆ ಈ ನೀರಿನ ಮೇಲೆ ನನಗೆ ಕೆಲಸ ಇರ್ತಿತ್ತಾ?”

ದಿದಿಮೊ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಮೇಲೆತ್ತಿದ. ಲಾಂಚು ಪಕ್ಕಕ್ಕೆ ವಾಲಿತು.

“ನಮ್ಮಮ್ಮನ ಕೈತುತ್ತು ತಿಂದೋನು ನೀನು! ನನ್ನ ಮಗಳನ್ನ ದೇವರ ಮುಂದೆ ಎತ್ತಿ ಹಿಡಿದೋನು! ಮೂರು ದಿನ ನನ್ನ ಪಕ್ಕದಲ್ಲಿ ಕೂತು, ಅವಳ ಹೆಸರು ಹಿಡಿದು ಕೂಗ್ತಾ ಸಮುದ್ರ ಸುತ್ತಿದೆಯಲ್ಲೋ!”

“ನೀನು ಅಲ್ಮಿರಾ ಹತ್ರ ಹೋಗದ ಹಾಗೆ ನೋಡ್ಕೊಂಡೆ,” ಎಂದ ಫೆರ್ಮಿನ್. ಅವನ ಕಣ್ಣಲ್ಲಿ ನೀರು ತುಂಬಿತ್ತು. ಆ ನೀರನ್ನು ಕಂಡು ದಿದಿಮೊಗೆ ಇನ್ನಷ್ಟು ಅಸಹ್ಯವಾಯಿತು. “ಅವಳನ್ನ ಉಳಿಸೋಕೇ ಅದು ಮಾಡಿದ್ದು. ಅಲ್ಲಿನ ಚೀಫ್ ಎಂಜಿನಿಯರ್ ಕಾಜಿಮಿರ್ ಅಂತ. ಅವನು ಮನುಷ್ಯ ಅಲ್ಲ. ಯಂತ್ರದ ಕೋಣೆ ಪಕ್ಕದ ವರ್ಕ್‌ಶಾಪಿನೊಳಗೆ ಅವಳನ್ನ ಕೂಡಿಹಾಕಿದ. ಜೀವಕ್ಕೇನೂ ಮಾಡ್ಬೇಡಪ್ಪಾ ಅಂತ ಕಾಲು ಹಿಡ್ಕೊಂಡೆ. ಕಾಲುವೆ ದಾಟಿಸಿ ಆ ಕಡೆ ಯಾವುದಾದ್ರೂ ದ್ವೀಪದಲ್ಲಿ ಇಳಿಸ್ತೀನಿ ಅಂತ ಮಾತು ಕೊಟ್ಟ. ಪೊಲೀಸರು ಹಡಗು ಹತ್ತದೇ ಇದ್ರೆ ಮಾತ್ರ.”

“ಹತ್ತಿದ್ರೆ?”

ಫೆರ್ಮಿನ್ ತುಟಿ ಒದ್ದೆ ಮಾಡಿಕೊಂಡ.

“ಯಂತ್ರದ ಕೋಣೆಗೆ ಬೆಂಕಿ ಬಿದ್ರೆ ಆರಿಸೋಕೆ ಅಂತ ಪ್ರತಿ ಹಡಗಲ್ಲೂ ಒಂದು ಕೋಣೆ ತುಂಬ ಸಿಲಿಂಡರ್ ಇಟ್ಟಿರ್ತಾರೆ. ಬಾಗಿಲೆಲ್ಲ ಮುಚ್ಚಿ, ಮೇಲೆ ನಿಂತು ಒಂದು ಹಿಡಿ ಎಳೆದ್ರೆ ಸೈರನ್ ಕೂಗತ್ತೆ, ಆಮೇಲೆ ಅಷ್ಟೂ ಗ್ಯಾಸು ಕೆಳಗೆ ತುಂಬ್ಕೊಳತ್ತೆ. ಬೆಂಕಿ ಉಸಿರು ಕಟ್ಟಿ ಸಾಯತ್ತೆ. ಒಳಗೆ ಯಾರಾದ್ರೂ ಇದ್ರೆ ಅವರೂ... ಬೆಂಕಿ ಬಿತ್ತು ಅಂತ ಒಂದು ಸುಳ್ಳು ಹೇಳಿದ್ರೆ ಸಾಕು. ಅವಳೇ ಕದ್ದು ಒಳಗೆ ಬಂದು ಅಡಗಿದ್ಳು, ನಮಗೇನು ಗೊತ್ತು ಅಂತಾನೆ. ಅಪಘಾತ ಅಂತ ಬರ್ಕೊಳ್ತಾರೆ.”

“ಯಾವ ಗ್ಯಾಸು ಅದು?”

“ಅದೇ,” ಎಂದ ಫೆರ್ಮಿನ್. “ಅವಳು ಇಷ್ಟು ವರ್ಷ ಲೆಕ್ಕ ಹಾಕ್ತಿದ್ದಾಳಲ್ಲ, ಅದೇ.”

ದಿದಿಮೊನ ಕೈ ಸಡಿಲವಾಯಿತು. ಕೊರಳಪಟ್ಟಿ ಜಾರಿತು.

ಬಿಸಾಕು ಕಾಫಿ ಎಂದಿದ್ದ ಅವನು. ಇರೋ ಬರೋ ಪೊಲೀಸರನ್ನೆಲ್ಲ ಹಡಗು ಹತ್ತಿಸು ಎಂದಿದ್ದ. ಅವನ ಬಾಯಿಂದಲೇ ಹೊರಟ ಮಾತು!

“ಓಡಿಸೋ!” ಎಂದು ಕಿರುಚಿದ. “ಎನೇಯ್ದಾ ಆಗಲೇ ಅಲ್ಲಿದ್ದಾಳೆ! ನಾನೇ ಕಳಿಸಿದೀನಿ! ಓಡಿಸು!”

ಫೆರ್ಮಿನ್‌ನ ಮುಖ ಬಿಳಿಚಿತು. ಮರುಗಳಿಗೆ ಲಾಂಚಿನ ಎಂಜಿನ್ ಅಬ್ಬರಿಸಿತು. ಇಷ್ಟು ಹೊತ್ತು ತಡೆದು ನಿಲ್ಲಿಸಿದ್ದವನೇ ಈಗ ಹುಚ್ಚು ಹಿಡಿದವನ ಹಾಗೆ ಓಡಿಸತೊಡಗಿದ. ಬಂದರಿನ ಕ್ರೇನುಗಳು, ಎಳೆದೋಣಿಗಳು, ದಡದಲ್ಲಿ ಕೈಬೀಸುತ್ತಿದ್ದ ಮೀನು ಹಿಡಿಯುವವರು ಎಲ್ಲ ಹಿಂದೆ ಸರಿದವು. ಕಾಲುವೆಯ ಕಾವಲು ದೋಣಿಯೊಂದು ಸೀಟಿ ಊದುತ್ತ ಬೆನ್ನಟ್ಟಿತು. ದಿದಿಮೊ ಬ್ಯಾಡ್ಜು ಎತ್ತಿ ತೋರಿಸುತ್ತ, ಇನ್ನೊಂದು ಕೈಯಲ್ಲಿ ಎನೇಯ್ದಾಳ ನಂಬರು ಒತ್ತಿದ.

ರಿಂಗಾಯಿತು. ಎತ್ತಲಿಲ್ಲ.

ಮತ್ತೆ ಒತ್ತಿದ. ಎತ್ತಲಿಲ್ಲ.

“ಎತ್ತೇ ಮಾರಾಯ್ತಿ, ಎತ್ತು, ಎತ್ತು...”

ಮಿರಾಫ್ಲೋರೆಸ್ ಕಣ್ಣಿಗೆ ಬಿತ್ತು. ಕಟ್ಟೆಯ ಪಕ್ಕದ ಮಹಡಿಗಳ ಮೇಲೆ ಪ್ರವಾಸಿಗರು ಕಿಕ್ಕಿರಿದಿದ್ದರು. ನೀರು ತುಂಬಿಸಿ ಹಡಗನ್ನು ಮೇಲೆತ್ತುವ ಕೆಳಗಿನ ಕಟ್ಟೆಯೊಳಗೆ, ಎರಡು ಗೋಡೆಗಳ ನಡುವೆ ಇರುಕಿಕೊಂಡು, ಅಲ್ಮಿರಾ ನಿಂತಿತ್ತು. ಅದರ ಬೆನ್ನ ಹಿಂದೆ ಭಾರೀ ಉಕ್ಕಿನ ಕದಗಳು ನಿಧಾನವಾಗಿ ಮುಚ್ಚಿಕೊಳ್ಳುತ್ತಿದ್ದವು. ಡೆಕ್ಕಿನ ಮೇಲೆ ಪೊಲೀಸರ ಟೋಪಿಗಳು ಓಡಾಡುತ್ತಿದ್ದವು. ಎನೇಯ್ದಾ ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಳು.

“ನುಗ್ಗಿಸು! ಕದ ಮುಚ್ಚೋಕೆ ಮುಂಚೆ ನುಗ್ಗಿಸು!”

“ಆಗಲ್ಲ ಕೊಂಪಾದ್ರೆ! ಅಪ್ಪಚ್ಚಿಯಾಗ್ತೀವಿ!”

ಅಷ್ಟರಲ್ಲಿ ಫೋನಿನಲ್ಲಿ ದನಿ ಕೇಳಿತು.

“ಸರ್! ಒಳ್ಳೆ ಹೊತ್ತಿಗೆ ಮಾಡಿದ್ರಿ!” ಎನೇಯ್ದಾ ಏದುಸಿರು ಬಿಡುತ್ತಿದ್ದಳು. “ಇಲ್ಲಿ ಗಲಾಟೆಯೋ ಗಲಾಟೆ. ನಾವು ಹತ್ತಿದ ಎರಡು ನಿಮಿಷಕ್ಕೇ ಯಂತ್ರದ ಕೋಣೆಲಿ ಬೆಂಕಿ ಅಂತ ಬೊಬ್ಬೆ ಹಾಕಿದ್ರು...”

“ಎನೇಯ್ದಾ, ಕೇಳು! ಬೆಂಕಿ ಇಲ್ಲ! ಅದು ಸುಳ್ಳು!”

“ಏನು ಸರ್? ಕೇಳಿಸ್ತಿಲ್ಲ, ಗಾಳಿ... ಗಾಬರಿಯಾಗ್ಬೇಡಿ ಸರ್, ನಾನು ಎಲ್ಲ ನೋಡ್ಕೊಂಡಿದೀನಿ. ಸಿಬ್ಬಂದಿನೆಲ್ಲ ಮೇಲೆ ಕರೆಸಿ ನಾನೇ ತಲೆ ಎಣಿಸಿದೆ. ಒಬ್ಬರೂ ಕೆಳಗಿಲ್ಲ. ಬಾಗಿಲೆಲ್ಲ ಮುಚ್ಚಿಸಿದ್ದಾರೆ. ಚೀಫ್ ಎಂಜಿನಿಯರ್ ಬಲು ಒಳ್ಳೆ ಮನುಷ್ಯ ಸರ್. ನಿಮ್ಮ ಮಾತಿಲ್ದೆ ನಾವು ಏನೂ ಮಾಡಲ್ಲಮ್ಮಾ, ಗ್ಯಾಸು ಬಿಡ್ಲಾ ಅಂತ ನನ್ನ ಒಪ್ಪಿಗೆ ಕೇಳಿದ.”

ದಿದಿಮೊ ಫೋನನ್ನು ಕಿವಿಗೆ ಒತ್ತಿ ಹಿಡಿದ.

“ನೀನೇನಂದೆ?”

“ಆಗಲಿ ಅಂದೆ ಸರ್.”

ಉಕ್ಕಿನ ಕದಗಳು ಒಂದಕ್ಕೊಂದು ತಾಗಿ ಮುಚ್ಚಿಕೊಂಡವು. ಅವುಗಳ ಆಚೆ, ಅಲ್ಮಿರಾದ ಒಡಲೊಳಗಿನಿಂದ, ಸೈರನ್ ಕೂಗತೊಡಗಿತು.